ಇನ್ನೊಂದೇ ಒಂದು ಪ್ರಶ್ನೆ, ಸ್ವಾಮಿ

ಪತ್ತೇದಾರಿ ಕಥೆ ಎಂದರೆ ಹೀಗಿರಬೇಕು ಎಂದು ನಮಗೆಲ್ಲ ಒಂದು ಲೆಕ್ಕ ಇರುತ್ತದೆ. ಮೊದಲ ಪುಟದಲ್ಲಿ ಒಂದು ಕೊಲೆ. ಆಮೇಲೆ ಐದಾರು ಜನರ ಮೇಲೆ ಅನುಮಾನ. ಕೊನೆಯ ಪುಟದಲ್ಲಿ, ನಾವು ಎಣಿಸಿಯೇ ಇರದ ಒಬ್ಬಾತ ಸಿಕ್ಕಿಬೀಳಬೇಕು. ನನ್ನ ವಯಸ್ಸಿನವರು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿದ್ದು ಹಾಗೆಯೇ, ಪಠ್ಯಪುಸ್ತಕದ ನಡುವೆ ಬಚ್ಚಿಟ್ಟುಕೊಂಡು. ಕೊನೆಯ ಪುಟವನ್ನು ಮೊದಲೇ ಓದಿ ಗುಟ್ಟು ಹೇಳಿಬಿಟ್ಟವನಿಗೆ ಗೆಳೆಯರಿಂದ ಬೆನ್ನಿನ ಮೇಲೆ ಗುದ್ದು ಬೀಳುತ್ತಿತ್ತು. ಕೊಲೆಗಾರ ಯಾರೆಂದು ಗೊತ್ತಾದ ಮೇಲೆ ಕಥೆಯಲ್ಲಿ ಉಳಿದದ್ದೇನು?

ಹಾಗಾದರೆ ಈ ಕಥೆಗೆ ಏನೆನ್ನುತ್ತೀರಿ? ಶುರುವಿನಲ್ಲೇ ಕೊಲೆ ಮಾಡಿದವರು ಯಾರು, ಹೇಗೆ ಮಾಡಿದರು, ಯಾಕೆ ಮಾಡಿದರು ಎಲ್ಲವನ್ನೂ ತೋರಿಸಿಬಿಡುತ್ತಾರೆ. ಇಷ್ಟಾದರೂ ಕಥಾನಾಯಕ ಇನ್ನೂ ಬಂದೇ ಇಲ್ಲ! ಹದಿನೈದಿಪ್ಪತ್ತು ನಿಮಿಷ ಕಳೆದ ಮೇಲೆ ಸುಕ್ಕುಗಟ್ಟಿದ ರೈನ್‌ಕೋಟ್ ಹಾಕಿಕೊಂಡ, ತಲೆ ಕೆದರಿದ, ಸಿಗಾರ್ ಹಚ್ಚಲು ಬೆಂಕಿಪೆಟ್ಟಿಗೆಗಾಗಿ ಜೇಬು ತಡಕಾಡುವ ಒಬ್ಬ ಮನುಷ್ಯ ಬರುತ್ತಾನೆ. ಅವನೇ ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯ ಲೆಫ್ಟಿನೆಂಟ್ ಕೊಲಂಬೊ. ಅಮೆರಿಕದ ಟಿ.ವಿ.ಯಲ್ಲಿ 'ಕೊಲಂಬೊ' ಹೆಸರಿನ ಈ ಧಾರಾವಾಹಿಯ ಕಂತುಗಳು 1968ರಿಂದ 2003ರವರೆಗೆ, ನಡುವೆ ಹತ್ತಾರು ವರ್ಷ ಬಿಡುವು ಕೊಟ್ಟು, ಒಟ್ಟು 69 ಬಂದವು.

ನಾನು ಇದನ್ನು ನೋಡಿದ್ದು ಹೋದ ಚಳಿಗಾಲದಲ್ಲಿ, ಮೊಮ್ಮಗಳ ಜೊತೆ ಕುಳಿತು. ಮಗಳ ಮನೆ ಇರುವುದು ಅದೇ ಲಾಸ್ ಏಂಜಲೀಸ್ ಹತ್ತಿರ. ಮೂರು ತಿಂಗಳ ಮಟ್ಟಿಗೆ ನಾವು ಅಜ್ಜಿ-ತಾತ ಹೋಗಿದ್ದೆವು. ಅಳಿಯಂದಿರ ಕಪಾಟಿನಲ್ಲಿ ಹಳೆಯ ಡಿವಿಡಿಗಳ ಒಂದು ಡಬ್ಬ ಇತ್ತು. ಶನಿವಾರ ಸಂಜೆ ಬೇಗ ಕತ್ತಲಾಗುತ್ತದೆ, ಹೊರಗೆ ಚಳಿ. "ತಾತ, ಇದು ನೋಡೋಣ್ವಾ?" ಎಂದು ಹನ್ನೊಂದು ವರ್ಷದ ಪುಟ್ಟಿ ಡಬ್ಬ ಹಿಡಿದು ಬಂದಳು.

"ಮಗೂಗೆ ಕೊಲೆ ಕಥೆ ಯಾಕ್ರೀ? ರಾತ್ರಿ ಬೆಚ್ಚಿಬಿದ್ದರೆ?" ಎಂದಳು ನನ್ನಾಕೆ, ಹುರಳಿಕಾಯಿ ಬಿಡಿಸುತ್ತಾ. ಮಗಳಿಗೂ ಅದೇ ಯೋಚನೆ. ಕೊನೆಗೆ ಒಂದು ಒಪ್ಪಂದವಾಯಿತು. ತಾತ ಪಕ್ಕದಲ್ಲೇ ಇರಬೇಕು. ಕೊಲೆಯ ದೃಶ್ಯ ಬಂದರೆ ರಿಮೋಟ್ ಒತ್ತಿ ಮುಂದಕ್ಕೆ ಓಡಿಸಬೇಕು. ನೋಡಿದ ಮೇಲೆ ಅದರ ಬಗ್ಗೆ ಮಾತಾಡಬೇಕು. ಕೊನೆಯ ಷರತ್ತು ಹಾಕಿದವಳು ಮಗಳು. ಈ ಲೇಖನ ಹುಟ್ಟಿದ್ದೇ ಆ ಷರತ್ತಿನಿಂದ.

ಮೊದಲು ಅದರ ಶೈಲಿಯ ವಿಚಾರ. ಕೊಲೆಗಾರನನ್ನು ಮೊದಲೇ ತೋರಿಸುವುದು ಕೊಲಂಬೊ ಕಂಡುಹಿಡಿದ ತಂತ್ರವೇನಲ್ಲ. ಆರ್. ಆಸ್ಟಿನ್ ಫ್ರೀಮನ್ ಎಂಬ ಬ್ರಿಟಿಷ್ ಲೇಖಕರು 1912ರಲ್ಲೇ 'ದಿ ಸಿಂಗಿಂಗ್ ಬೋನ್' ಎಂಬ ಕಥಾಸಂಕಲನದಲ್ಲಿ ಹೀಗೆ ಬರೆದಿದ್ದರು. ಆದರೆ ಕೋಟ್ಯಂತರ ಜನರ ಮನೆಗೆ ಅದನ್ನು ತಲುಪಿಸಿದ್ದು ಈ ಧಾರಾವಾಹಿ. ಯಾರು ಎಂಬ ಪ್ರಶ್ನೆ ಇಲ್ಲವಾದಾಗ ಅದರ ಜಾಗಕ್ಕೆ ಇನ್ನೊಂದು ಪ್ರಶ್ನೆ ಬರುತ್ತದೆ: ಇವನಿಗೆ ಹೇಗೆ ಗೊತ್ತಾಗುತ್ತದೆ? ನಮ್ಮ ಪುಟ್ಟಿ ಮೂರನೆಯ ಕಂತಿಗಾಗಲೇ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಳು. ಕೊಲೆಗಾರ ಮಾಡಿದ ತಪ್ಪುಗಳನ್ನು ಕೊಲಂಬೊಗಿಂತ ಮೊದಲೇ ತಾನು ಬರೆದಿಡಬೇಕು ಎಂಬುದು ಅವಳ ಹಟ.

ಆತ ಹಿಡಿಯುವುದೆಲ್ಲ ಬಹಳ ಸಣ್ಣ ಸಂಗತಿಗಳನ್ನು. 1971ರ ಮೊದಲ ಸರಣಿಯ ಮೊದಲ ಕಂತು 'ಮರ್ಡರ್ ಬೈ ದ ಬುಕ್'. ಅದನ್ನು ನಿರ್ದೇಶಿಸಿದ್ದು ಆಗಿನ್ನೂ 24 ವರ್ಷದ ಸ್ಟೀವನ್ ಸ್ಪಿಲ್‌ಬರ್ಗ್, ಮುಂದೆ 'ಜುರಾಸಿಕ್ ಪಾರ್ಕ್' ತೆಗೆದವರು. ಅದರಲ್ಲಿ ಕೊಲೆಗಾರ ಮನೆಗೆ ಬರುತ್ತಾನೆ, ಅಂಗಳದಲ್ಲಿ ಗೆಳೆಯನ ಹೆಣ. ಅಂಥ ಹೊತ್ತಿನಲ್ಲಿ ಅಂಚೆಯಲ್ಲಿ ಬಂದ ಕಾಗದಗಳನ್ನು ಒಡೆದು ನೋಡುತ್ತಾನೆ. ಗೆಳೆಯನ ಹೆಣ ಕಂಡವನು ಕಾಗದ ಓದುತ್ತಾ ಕೂರುತ್ತಾನೆಯೇ? ಅಷ್ಟೇ. ಅದೊಂದು ಕೊಲಂಬೊನ ತಲೆಗೆ ಹೊಕ್ಕರೆ ಸಾಕು, ಆಮೇಲೆ ಬಿಡುವವನಲ್ಲ.

ಬಿಡದಿರುವುದಕ್ಕೂ ಅವನದೇ ಒಂದು ರೀತಿ ಇದೆ. ಕೂಗಾಡುವುದಿಲ್ಲ, ಮೇಜು ಗುದ್ದುವುದಿಲ್ಲ. "ಸಾರ್, ನಿಮ್ಮ ಸಮಯ ಹಾಳು ಮಾಡಿದೆ, ಕ್ಷಮಿಸಿ" ಎಂಬ ಧಾಟಿಯಲ್ಲಿ ಎದ್ದು ಬಾಗಿಲವರೆಗೆ ಹೋಗುತ್ತಾನೆ. ಕೊಲೆಗಾರ ಸದ್ಯ ಪಾರಾದೆ ಎಂದು ಉಸಿರು ಬಿಡುತ್ತಾನೆ. ಆಗ ಕೊಲಂಬೊ ತಿರುಗುತ್ತಾನೆ, ಹಣೆ ಮುಟ್ಟಿಕೊಳ್ಳುತ್ತಾನೆ, ಇನ್ನೊಂದೇ ಒಂದು ವಿಷಯ ಎನ್ನುತ್ತಾನೆ. ನಿಜವಾದ ಪ್ರಶ್ನೆ ಬರುವುದು ಆಗಲೇ.

ಈ 'ಇನ್ನೊಂದು ವಿಷಯ' ಹುಟ್ಟಿದ ಬಗೆ ಕೇಳಿದರೆ ಹಳೆಯ ಗುಮಾಸ್ತರಿಗೆಲ್ಲ ನಗು ಬಂದೀತು. ಕೊಲಂಬೊನನ್ನು ಸೃಷ್ಟಿಸಿದವರು ರಿಚರ್ಡ್ ಲೆವಿನ್‌ಸನ್ ಮತ್ತು ವಿಲಿಯಂ ಲಿಂಕ್ ಎಂಬ ಬಾಲ್ಯದ ಗೆಳೆಯರು. ಟಿ.ವಿ. ಸರಣಿಗೂ ಮೊದಲು ಇದನ್ನು ನಾಟಕವಾಗಿ ಬರೆಯುತ್ತಿದ್ದಾಗ ಒಂದು ದೃಶ್ಯ ತೀರಾ ಚಿಕ್ಕದಾಯಿತಂತೆ. ಅಷ್ಟರಲ್ಲಿ ಕೊಲಂಬೊ ಬಾಗಿಲು ದಾಟಿ ಹೊರಗೆ ಹೋಗಿ ಆಗಿತ್ತು. ಟೈಪ್‌ರೈಟರ್ ಕಾಲ, ನಡುವೆ ಏನಾದರೂ ಸೇರಿಸಬೇಕೆಂದರೆ ಇಡೀ ದೃಶ್ಯವನ್ನು ಮತ್ತೆ ಟೈಪ್ ಮಾಡಬೇಕು. ಆ ಕಷ್ಟ ಯಾಕೆಂದು, ಹೊರಗೆ ಹೋದವನನ್ನೇ ಬಾಗಿಲಲ್ಲಿ ಮತ್ತೆ ತಲೆ ಹಾಕಿಸಿ ಇನ್ನೊಂದು ಪ್ರಶ್ನೆ ಕೇಳಿಸಿದರು. ಟೈಪ್ ಮಾಡುವ ಬೇಸರದಿಂದ ಹುಟ್ಟಿದ್ದು ಜಗತ್ತಿಗೇ ಪರಿಚಯವಾಯಿತು. ಮಕ್ಕಳೇ, ಟೈಪ್‌ರೈಟರಿನಲ್ಲಿ ಒಂದು ಸಾಲು ತಪ್ಪಿದರೆ ಏನಾಗುತ್ತಿತ್ತು, ಕಾರ್ಬನ್ ಹಾಳೆ ಎಂದರೇನು ಎಂದು ತಾತನನ್ನು ಕೇಳಿ. ಅರ್ಧ ಗಂಟೆಯ ಕಥೆ ಸಿಗುತ್ತದೆ.

ಕೊಲಂಬೊನ ಬೇರನ್ನು ಲೇಖಕರು ಇನ್ನೂ ಹಿಂದಕ್ಕೆ ಒಯ್ಯುತ್ತಾರೆ. ರಷ್ಯಾದ ದಸ್ತಯೆವ್‌ಸ್ಕಿ 1866ರಲ್ಲಿ ಬರೆದ 'ಕ್ರೈಮ್ ಅಂಡ್ ಪನಿಷ್‌ಮೆಂಟ್' ಕಾದಂಬರಿಯಲ್ಲಿ ಪೊರ್ಫಿರಿ ಎಂಬ ತನಿಖಾಧಿಕಾರಿ ಬರುತ್ತಾನೆ. ಅವನೂ ಹೀಗೆಯೇ ಮಾತಾಡುತ್ತಾ ಮಾತಾಡುತ್ತಾ ಆರೋಪಿಯ ನೆಮ್ಮದಿ ಕೆಡಿಸುತ್ತಾನೆ. ಕೊಲಂಬೊಗೆ ಅವನೇ ಸ್ಫೂರ್ತಿ.

ಪಾತ್ರ ಮಾಡಿದ ಪೀಟರ್ ಫಾಕ್ ಅವರ ವಿಷಯ ಹೇಳಿದ ದಿನ ಪುಟ್ಟಿ ಟಿ.ವಿ. ನಿಲ್ಲಿಸಿ ಅವರ ಮುಖವನ್ನು ಹತ್ತಿರದಿಂದ ನೋಡಿದಳು. 1927ರಲ್ಲಿ ಹುಟ್ಟಿದ ಅವರಿಗೆ ಮೂರು ವರ್ಷವಾಗಿದ್ದಾಗ ಬಲಗಣ್ಣಿನಲ್ಲಿ ಗಡ್ಡೆ ಬೆಳೆದು, ಆ ಕಣ್ಣನ್ನೇ ತೆಗೆಯಬೇಕಾಯಿತು. ಬದುಕಿನುದ್ದಕ್ಕೂ ಕೃತಕ ಕಣ್ಣು. ಶಾಲೆಯಲ್ಲಿದ್ದಾಗ ಒಮ್ಮೆ ಬೇಸ್‌ಬಾಲ್ ಪಂದ್ಯದಲ್ಲಿ ಅಂಪೈರ್ ಔಟ್ ಕೊಟ್ಟರಂತೆ. ಹುಡುಗ ಗಾಜಿನ ಕಣ್ಣನ್ನು ತೆಗೆದು ಅಂಪೈರ್ ಕೈಗೆ ಕೊಡಲು ಹೋಗಿ, ಇದು ನಿಮಗೇ ಬೇಕಾಗುತ್ತದೆ ಎಂದನಂತೆ. ಫಾಕ್ ತಾವೇ ಹೇಳಿಕೊಳ್ಳುತ್ತಿದ್ದ ಪ್ರಸಂಗ ಇದು. ನಟರಾಗುವ ಮುಂಚೆ ಅವರು ಕನೆಟಿಕಟ್ ರಾಜ್ಯದ ಬಜೆಟ್ ಕಚೇರಿಯಲ್ಲಿ ನೌಕರರಾಗಿದ್ದರು. ಆ ರೈನ್‌ಕೋಟ್ ಅವರ ಸ್ವಂತದ್ದು. ಆ ಹಳೆಯ ಪಿಜೋ 403 ಕಾರನ್ನೂ ಅವರೇ ಸ್ಟುಡಿಯೊದ ಕಾರುಗಳ ನಡುವೆ ಹುಡುಕಿ ಆರಿಸಿದರು. ಈ ಪಾತ್ರಕ್ಕಾಗಿ ನಾಲ್ಕು ಸಲ ಎಮ್ಮಿ ಪ್ರಶಸ್ತಿ ಪಡೆದರು. 2011ರಲ್ಲಿ ತೀರಿಕೊಂಡರು. ಒಂದೇ ಕಣ್ಣಿನ ನಟ, ಎರಡು ಕಣ್ಣಿದ್ದವರಿಗೆ ಕಾಣದ್ದನ್ನು ಕಾಣುವ ಪೊಲೀಸನಾದದ್ದು ಪುಟ್ಟಿಗೆ ತುಂಬ ಹಿಡಿಸಿತು.

ಕೊಲಂಬೊ ಎದುರಿಸುವವರೆಲ್ಲ ದೊಡ್ಡ ಮನುಷ್ಯರು. ಪ್ರಸಿದ್ಧ ಲೇಖಕ, ಶಸ್ತ್ರವೈದ್ಯ, ಸಂಗೀತ ನಿರ್ದೇಶಕ, ಸೇನಾಧಿಕಾರಿ, ಸಿನಿಮಾ ತಾರೆ. ಅವರದು ಅರಮನೆಯಂಥ ಮನೆ, ಇವನದು ಹೊಗೆ ಕಾರುವ ಕಾರು. ಜೊತೆಗೊಂದು ಸೋಮಾರಿ ನಾಯಿ; ಅದಕ್ಕೆ ಹೆಸರೂ ಇಲ್ಲ, 'ನಾಯಿ' ಎಂದೇ ಕರೆಯುತ್ತಾನೆ. ಮಾತು ಮಾತಿಗೆ ಹೆಂಡತಿಯ ವಿಚಾರ ಎತ್ತುತ್ತಾನೆ, ಆಕೆ ಮಾತ್ರ ಒಮ್ಮೆಯೂ ತೆರೆಯ ಮೇಲೆ ಬರುವುದಿಲ್ಲ. ಇವನೇನು ಮಾಡಿಯಾನು ಎಂದು ಅವರು ಉದಾಸೀನ ಮಾಡುತ್ತಾರೆ. ಆ ಉದಾಸೀನವೇ ಇವನ ಬಂಡವಾಳ. ಸಾಮಾನ್ಯವಾಗಿ ಬಂದೂಕನ್ನೂ ಇಟ್ಟುಕೊಳ್ಳುವುದಿಲ್ಲ. ಅಟ್ಟಿಸಿಕೊಂಡು ಓಡುವುದು, ಗುಂಡಿನ ಮಳೆ, ಹೊಡೆದಾಟ ಯಾವುದೂ ಇಲ್ಲ. ಒಂದೂವರೆ ಗಂಟೆ ಇಬ್ಬರು ಎದುರುಬದುರು ಕುಳಿತು ಮಾತಾಡುತ್ತಾರೆ, ನಾವು ಕಣ್ಣು ಮಿಟುಕಿಸದೆ ನೋಡುತ್ತೇವೆ.

ಈ ವಿನಯ ಮೆತ್ತಗಿನ ವಿನಯವಲ್ಲ. 1973ರ 'ಎ ಸ್ಟಿಚ್ ಇನ್ ಕ್ರೈಮ್' ಕಂತಿನಲ್ಲಿ ಒಬ್ಬ ಶಸ್ತ್ರವೈದ್ಯ ಇವನನ್ನು ನೋಡಿ ನಗುತ್ತಾನೆ. ಕೊಲಂಬೊ ಕೈಗೆ ಸಿಕ್ಕ ನೀರಿನ ಹೂಜಿಯನ್ನು ಎತ್ತಿ ಮೇಜಿನ ಮೇಲೆ ದಡ್ ಎಂದು ಕುಕ್ಕುತ್ತಾನೆ. ಪುಟ್ಟಿ ಬೆಚ್ಚಿ ನನ್ನ ತೋಳು ಹಿಡಿದುಕೊಂಡಳು. ಕೊಲೆಯ ದೃಶ್ಯಕ್ಕೆ ಬೆಚ್ಚದವಳು, ಮೃದು ಮನುಷ್ಯನ ಸಿಟ್ಟಿಗೆ ಬೆಚ್ಚಿದಳು. "ಅವರಿಗೂ ಕೋಪ ಬರುತ್ತಾ ತಾತ?" ಎಂದಳು. ಬರಬೇಕಲ್ಲವೇ ಮಗು, ಒಂದು ಜೀವ ಹೋಗಿದೆ.

ನಾನು ಮೂವತ್ತು ವರ್ಷ ತಾಲ್ಲೂಕು ನ್ಯಾಯಾಲಯದ ಕಚೇರಿಯಲ್ಲಿದ್ದವನು, ಶಿರಸ್ತೇದಾರನಾಗಿ ನಿವೃತ್ತನಾದವನು. ನನ್ನ ಕಣ್ಣು ಹೋಗುವುದೇ ಬೇರೆ ಕಡೆಗೆ. ಕೊಲಂಬೊ ಹಿಡಿದ ಎಷ್ಟೋ ಸುಳಿವುಗಳು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಒಳ್ಳೆಯ ವಕೀಲರು ಹತ್ತು ನಿಮಿಷದಲ್ಲಿ ಕಿತ್ತುಹಾಕುತ್ತಾರೆ. ಆದರೂ ನಾನು ಒಂದು ಕಂತನ್ನೂ ಬಿಡದೆ ನೋಡಿದ್ದು ಯಾಕೆಂದರೆ, ಕಾಗದದ ಮೇಲೆ ನಾನು ಹುಡುಕುತ್ತಿದ್ದ ಒಂದು ಗುಣ ಆ ಮನುಷ್ಯನಲ್ಲಿತ್ತು. ಸತ್ತವರು ಬಡವರಿರಲಿ, ಕೆಟ್ಟವರಿರಲಿ, ಅವರು ಬಿಟ್ಟುಹೋದ ಚಪ್ಪಲಿಯನ್ನೂ ಅವನು ಬಗ್ಗಿ ನೋಡುತ್ತಾನೆ.

ಈಗ ನಮ್ಮ ಮನೆಯಲ್ಲಿ ಜಗಳ ಎಬ್ಬಿಸಿದ ಎರಡು ಕಂತುಗಳ ಮಾತು. ಈ ಕಥೆಗಳ ಗುಟ್ಟು ಒಡೆಯುವುದರಿಂದ ನಷ್ಟವಿಲ್ಲ ಎಂದು ಮೊದಲೇ ಹೇಳಿದ್ದೇನೆ, ಬೆನ್ನಿಗೆ ಗುದ್ದಬೇಡಿ.

ಒಂದು, 1975ರ 'ಫರ್ಗಾಟನ್ ಲೇಡಿ'. ವಯಸ್ಸಾದ ಸಿನಿಮಾ ತಾರೆಯೊಬ್ಬಳು ಮತ್ತೆ ರಂಗಕ್ಕೆ ಬರಲು ಹಣ ಕೊಡದ ಗಂಡನನ್ನು ಕೊಲ್ಲುತ್ತಾಳೆ. ಆಕೆಯ ಮಿದುಳಿಗೆ ಗುಣವಾಗದ ಕಾಯಿಲೆ ಇತ್ತು. ಗಂಡ ಅದನ್ನು ಅವಳಿಂದ ಮುಚ್ಚಿಟ್ಟಿದ್ದ. ಕೊಲಂಬೊ ಸತ್ಯ ಕಂಡುಹಿಡಿಯುವ ಹೊತ್ತಿಗೆ, ತಾನು ಕೊಲೆ ಮಾಡಿದ್ದೇ ಆಕೆಗೆ ಮರೆತುಹೋಗಿದೆ. ಬದುಕುವುದು ಇನ್ನು ಕೆಲವೇ ವಾರ. ಆಕೆಯ ಹಳೆಯ ಸಹನಟ ಮುಂದೆ ಬಂದು, ಕೊಲೆ ಮಾಡಿದ್ದು ನಾನು ಎನ್ನುತ್ತಾನೆ. ಅದು ಸುಳ್ಳೆಂದು ಕೊಲಂಬೊಗೆ ಗೊತ್ತು. ಆ ಸುಳ್ಳನ್ನು ಬಯಲಿಗೆಳೆಯಲು ಎರಡು ತಿಂಗಳಾದರೂ ಬೇಕಾದೀತು ಎಂದು ಅವನು ಕೇಳಿಕೊಂಡಾಗ, ಆಗಬಹುದು ಎಂದು ಒಪ್ಪಿಕೊಂಡು ಸುಮ್ಮನಾಗುತ್ತಾನೆ.

ಇನ್ನೊಂದು, 1977ರ 'ಟ್ರೈ ಅಂಡ್ ಕ್ಯಾಚ್ ಮಿ'. ಅಬಿಗೈಲ್ ಮಿಚೆಲ್ ಎಂಬ ಪತ್ತೇದಾರಿ ಕಾದಂಬರಿಗಾರ್ತಿ. ರೂತ್ ಗಾರ್ಡನ್ ಆ ಪಾತ್ರ ಮಾಡಿದ್ದಾರೆ. ಪುಟ್ಟ ದೇಹದ, ಚುರುಕು ಕಣ್ಣಿನ, ಥೇಟ್ ನಮ್ಮ ಬೀದಿಯ ಅಜ್ಜಿ. ಅವರು ಸಾಕಿದ ಸಂಬಂಧಿಕರ ಹುಡುಗಿ ಸಮುದ್ರದಲ್ಲಿ ಮುಳುಗಿ ಸತ್ತಿದ್ದಾಳೆ. ಅವಳ ಗಂಡನೇ ಕೊಂದದ್ದು ಎಂದು ಅಜ್ಜಿಯ ಮನಸ್ಸಿಗೆ ಖಚಿತ, ಪುರಾವೆ ಇಲ್ಲ. ಅವನನ್ನು ಗಾಳಿಯಾಡದ ದೊಡ್ಡ ತಿಜೋರಿ ಕೋಣೆಯಲ್ಲಿ ಕೂಡಿಹಾಕಿ ಊರಿಗೆ ಹೊರಟುಬಿಡುತ್ತಾರೆ. ಕೊಲಂಬೊಗೆ ಆ ಅಜ್ಜಿಯನ್ನು ಕಂಡರೆ ಪ್ರೀತಿ. ಸಭೆಯೊಂದರಲ್ಲಿ ಅಜ್ಜಿ ಅವನನ್ನು ಎಲ್ಲರ ಮುಂದೆ ನಿಲ್ಲಿಸಿ ಮಾತಾಡಿಸುತ್ತಾರೆ. ತನಗೆ ಮನುಷ್ಯರೆಂದರೆ ಇಷ್ಟ, ತಾನು ಹಿಡಿದ ಕೆಲವು ಕೊಲೆಗಾರರನ್ನೂ ಮೆಚ್ಚಿಕೊಂಡದ್ದುಂಟು, ಅವರು ಮಾಡಿದ ಕೆಲಸವನ್ನಲ್ಲ ಎಂಬ ಅರ್ಥದ ಮಾತು ಹೇಳುತ್ತಾನೆ. ಕೊನೆಗೆ ಸತ್ತವನು ಬಲ್ಬಿನ ಹೋಲ್ಡರಿನಲ್ಲಿ ಅಡಗಿಸಿಟ್ಟಿದ್ದ ಒಂದು ಚೂರು ಕಾಗದದಿಂದ ಎಲ್ಲ ಬಯಲಾಗುತ್ತದೆ. ಈ ವಯಸ್ಸಿನವಳನ್ನು ಬಿಟ್ಟುಬಿಡಬಾರದೇ ಎಂದು ಅಜ್ಜಿ ಕೇಳುತ್ತಾರೆ. ಕೊಲಂಬೊ ಬಿಡುವುದಿಲ್ಲ.

ಪುಟ್ಟಿ ಎದ್ದು ನಿಂತಳು. "ತಾತ, ಇನ್ನೊಂದು ವಿಷಯ," ಎಂದಳು, ಹಣೆಗೆ ಕೈ ಇಟ್ಟುಕೊಂಡೇ. "ಆ ಸಿನಿಮಾ ಆಂಟಿಯನ್ನ ಬಿಟ್ರು. ಈ ಅಜ್ಜೀನ ಯಾಕೆ ಬಿಡಲಿಲ್ಲ? ಆ ಅಂಕಲ್ ಏನೂ ತಪ್ಪೇ ಮಾಡಿರಲಿಲ್ಲ. ಇವನು ಕೆಟ್ಟವನು. ಇದು ಫೇರ್ ಅಲ್ಲ."

ಅಡಿಗೆಮನೆಯಿಂದ ನನ್ನಾಕೆ ಬಂದಳು. "ಮಗು ಸರಿಯಾಗೇ ಕೇಳ್ತಿದೆ. ಹೇಳಿ, ಕೋರ್ಟಿನಲ್ಲಿದ್ದವರು," ಎಂದಳು.

ನಾನು ಹೇಳಿದೆ: ಆಕೆಗೆ ನೆನಪೇ ಇಲ್ಲ, ಉಳಿದಿರುವುದು ನಾಲ್ಕು ದಿನ, ಶಿಕ್ಷೆ ಯಾರಿಗೆ ಕೊಡುವುದು? ಈ ಅಜ್ಜಿಗೆ ಎಲ್ಲವೂ ನೆನಪಿದೆ. ಜೊತೆಗೆ, ಅವನೇ ಕೊಂದ ಎಂಬುದು ಅಜ್ಜಿಯ ನಂಬಿಕೆ ಮಾತ್ರ. ನಂಬಿಕೆಯ ಮೇಲೆ ಒಬ್ಬರನ್ನು ಕೂಡಿಹಾಕಿ ಸಾಯಿಸಬಹುದು ಎಂದಾದರೆ, ನಾಳೆ ತಪ್ಪಾಗಿ ನಂಬಿದವರು ಏನು ಮಾಡುತ್ತಾರೆ? ಇಷ್ಟು ಹೇಳಿದರೂ ಪುಟ್ಟಿ ಒಪ್ಪಲಿಲ್ಲ. "ಹಾಗಾದ್ರೆ ಆ ಹುಡುಗಿಗೆ ಯಾರು?" ಎಂದಳು.

ಆ ಪ್ರಶ್ನೆಯನ್ನು ನಾನು ಹಿಂದೊಮ್ಮೆ ಕೇಳಿದ್ದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಅಜ್ಜಿ ಪ್ರತಿ ವಾಯಿದೆಗೂ ಬರುತ್ತಿದ್ದರು, ಕೈಯಲ್ಲೊಂದು ಬಟ್ಟೆಯ ಚೀಲ. ಅವರ ಮಗಳು ಗಂಡನ ಮನೆಯ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಕಡತ ತೆಳ್ಳಗಿತ್ತು. ಮೊದಲ ದಿನದ ಪಂಚನಾಮೆ ಕೆಲವೇ ಸಾಲು. ಬಾವಿಗೆ ಕಟ್ಟೆ ಇತ್ತೇ, ಕೊಡ ಎಲ್ಲಿತ್ತು, ಹಗ್ಗ ಎಲ್ಲಿತ್ತು, ಚಪ್ಪಲಿ ಕಾಲಲ್ಲಿತ್ತೇ ದಡದಲ್ಲಿತ್ತೇ, ಒಂದನ್ನೂ ಬರೆದಿರಲಿಲ್ಲ. ಸಾಕ್ಷಿ ಸಾಲದೆ ಪ್ರಕರಣ ಬಿದ್ದುಹೋಯಿತು. ಆ ದಿನ ಅಜ್ಜಿ ನನ್ನ ಮೇಜಿನ ಮುಂದೆ ನಿಂತು, "ಸ್ವಾಮಿ, ಅವತ್ತೇ ಯಾರಾದರೂ ಒಂದಿಷ್ಟು ಸರಿಯಾಗಿ ನೋಡಿದ್ದರೆ ಗೊತ್ತಾಗುತ್ತಿತ್ತೋ ಏನೋ?" ಎಂದರು. ಅಳಿಯನೇ ತಪ್ಪು ಮಾಡಿದ್ದನೋ, ಕಾಲು ಜಾರಿತ್ತೋ, ಅವರಿಗೂ ಗೊತ್ತಿರಲಿಲ್ಲ. ಅದು ಗೊತ್ತಾಗಲಿ ಎಂದೇ ಅವರು ಅಷ್ಟು ವಾಯಿದೆಗೆ ಬಂದದ್ದು.

ಪುಟ್ಟಿಗೆ ಇದನ್ನು ಹೇಳಿದೆ. "ಆ ಅಜ್ಜಿ ಆಮೇಲೆ ಏನು ಮಾಡಿದ್ರು?" ಎಂದಳು. ಬಸ್ಸು ಹತ್ತಿ ಊರಿಗೆ ಹೋದರು, ಮತ್ತೆ ನಾನು ನೋಡಲಿಲ್ಲ ಎಂದೆ. ಪುಟ್ಟಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಕಂತಿನ ಕೊನೆಯ ಎರಡು ನಿಮಿಷವನ್ನು ಮತ್ತೊಮ್ಮೆ ಹಾಕು ಎಂದಳು. ಅದರಲ್ಲಿ ಅಬಿಗೈಲ್ ಅಜ್ಜಿ ಕೊಲಂಬೊಗೆ ಹೇಳುವುದು ಹೆಚ್ಚುಕಡಿಮೆ ಇದನ್ನೇ: ನನ್ನ ಹುಡುಗಿ ಸತ್ತಾಗ ತನಿಖೆಗೆ ನೀನು ಬಂದಿದ್ದರೆ ಇದ್ಯಾವುದೂ ಬೇಕಾಗುತ್ತಿರಲಿಲ್ಲ.

ಅಮೆರಿಕದ ಟಿ.ವಿ. ಲೇಖಕರಿಗೆ ನಮ್ಮ ತಾಲ್ಲೂಕಿನ ಅಜ್ಜಿಯ ವಿಷಯ ಹೇಗೆ ತಿಳಿಯಬೇಕು? ಆದರೆ ನೋವು ಒಂದೇ. ಈ ಧಾರಾವಾಹಿ ಇಷ್ಟು ವರ್ಷ ಬಾಳಿದ್ದಕ್ಕೆ ಕೋಟು, ಕಾರು, ನಾಯಿ ಎಲ್ಲ ಕಾರಣವೇ ಇರಬಹುದು. ನನಗೆ ಕಾಣುವ ಕಾರಣ ಬೇರೆ. ನಮ್ಮ ಮನೆಯಲ್ಲಿ ಏನಾದರೂ ಆದರೆ, ಇಂಥವನೊಬ್ಬ ಬರಲಿ ಎಂದು ಎಲ್ಲರಿಗೂ ಆಸೆ. ಗದರದವನು, ಅವಸರ ಮಾಡದವನು, ನಾಲ್ಕು ಸಾಲು ಬರೆದು ಹೊರಟುಹೋಗದವನು. ಬಾಗಿಲವರೆಗೆ ಹೋದರೂ ಇನ್ನೊಂದು ಪ್ರಶ್ನೆಗಾಗಿ ತಿರುಗಿ ಬರುವವನು.

ಜಗಳ ಇನ್ನೂ ಮುಗಿದಿಲ್ಲ. ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಪುಟ್ಟಿ ಹೊಸ ವಾದ ತರುತ್ತಾಳೆ. ಮೊನ್ನೆಯ ವಾದ ಹೀಗಿತ್ತು: ಸಿನಿಮಾ ತಾರೆಗಾಗಿ ಸುಳ್ಳು ಹೇಳಿದ ಗೆಳೆಯನನ್ನು ಕೊಲಂಬೊ ಎರಡು ತಿಂಗಳು ಜೈಲಿನಲ್ಲಿಟ್ಟದ್ದು ಸರಿಯೇ? ನನ್ನಾಕೆ ಅವನ ಪರ, ಪುಟ್ಟಿ ಕೊಲಂಬೊ ಪರ. ಶಿರಸ್ತೇದಾರರು ಇನ್ನೂ ಕಡತ ಓದುತ್ತಿದ್ದಾರೆ ಎಂದು ಹೇಳಿ ಒಂದು ವಾರ ವಾಯಿದೆ ತೆಗೆದುಕೊಂಡಿದ್ದೇನೆ. ನಿಮ್ಮ ಮನೆಯ ಅಜ್ಜಿ-ತಾತ ಏನೆನ್ನುತ್ತಾರೆ, ಕೇಳಿ ನೋಡಿ.